ಪಾಲಾಡಿನ್ ಸಾಕುವುದು ಹೇಗೆ: ಏಜ್ ಆಫ್ ಎಂಪೈರ್ಸ್ 2ರಲ್ಲಿ ಫ್ರಾಂಕರ ಕುದುರೆ ಪಡೆಗೆ ಸಮಗ್ರ ಮಾರ್ಗದರ್ಶಿ

ಕುಂದಾಪುರದಲ್ಲಿರುವ ನನ್ನ ಚಿಕ್ಕಮ್ಮನ ಮಗ ಆಟ ಶುರುವಾಗಿ ಇಪ್ಪತ್ತು ನಿಮಿಷ ಆದ ಕೂಡಲೇ ಹೆಡ್‌ಸೆಟ್ಟಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಾನೆ: "ಅಣ್ಣಾ, ಕುದ್ರಿಗ್ ಹುಲ್ಲ್ ಇತ್ತಾ?" ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಏಕೆಂದರೆ ಇರುತ್ತಿರಲಿಲ್ಲ. ನಾಲ್ಕು ಲಾಯ ಕಟ್ಟಿ, ಆಟದ ನಾಲ್ಕನೆಯ, ಕೊನೆಯ ಯುಗವಾದ ಇಂಪೀರಿಯಲ್ ಏಜಿಗೆ ಹೋಗಿ, ಕುದುರೆ ಸವಾರರಲ್ಲೇ ಗಟ್ಟಿಯಾದ ಪಾಲಾಡಿನ್ ಅಪ್‌ಗ್ರೇಡ್ ಬಟನ್ ಒತ್ತಿದರೆ 'ಆಹಾರ ಸಾಲದು' ಎಂಬ ಆ ಟುಂಯ್ ಶಬ್ದ. ಅಷ್ಟರಲ್ಲಿ ಅವನ ಈಟಿಯವರು ನನ್ನ ಗದ್ದೆಯೊಳಗೆ ಬಂದಾಗಿರುತ್ತಿತ್ತು.

ಸುಮಾರು ಸೋಲು ತಿಂದ ಮೇಲೆ ನನಗೆ ತಿಳಿದದ್ದು ಇಷ್ಟು: ಪಾಲಾಡಿನ್ ಹುಟ್ಟುವುದು ಲಾಯದಲ್ಲಿ ಅಲ್ಲ, ಗದ್ದೆಯಲ್ಲಿ. ನಮ್ಮಲ್ಲಿ ಕಂಬಳದ ಕೋಣ ಸಾಕಿದವರನ್ನು ಕೇಳಿ ನೋಡಿ. ಕರೆಯಲ್ಲಿ (ಕೋಣ ಓಡುವ ಕೆಸರಿನ ಜಾಗದಲ್ಲಿ) ಓಟ ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ. ಅದಕ್ಕೆ ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ತಿಕ್ಕುವುದು ವರ್ಷವಿಡೀ. ಪಾಲಾಡಿನ್ ಲೆಕ್ಕವೂ ಹಾಗೆಯೇ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಯುದ್ಧಕ್ಕಿಂತ ಬೇಸಾಯದ ಮಾತೇ ಜಾಸ್ತಿ ಉಂಟು. ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ ಹೇಳುವುದೆಲ್ಲ 2019ರ ನವೆಂಬರಿನಲ್ಲಿ ಬಂದ ಡೆಫಿನಿಟಿವ್ ಎಡಿಷನ್ನಿಗೆ. 1999ರ ಮೂಲ ಆಟವನ್ನೋ 2000ದ ಕಾಂಕರರ್ಸ್ ಅನ್ನೋ ಹಳೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡವರಿಗೂ ಮುಕ್ಕಾಲು ಪಾಲು ಹೊಂದುತ್ತದೆ. ಪ್ಯಾಚ್ ಬಂದಾಗ ಅಂಕಿಗಳು ಸ್ವಲ್ಪ ಅತ್ತಿತ್ತ ಆಗುವುದುಂಟು, ಆಟದೊಳಗಿನ ಟೆಕ್ ಟ್ರೀ (ಯಾರಿಗೆ ಏನೆಲ್ಲ ಉಂಟು ಎಂಬ ಪಟ್ಟಿ) ಮೇಲೆ ಒಮ್ಮೆ ಮೌಸ್ ಇಟ್ಟು ನೋಡಿಕೊಳ್ಳಿ. ವಿಲೇಜರನ್ನು ನಾನು 'ಆಳು' ಅಂತಲೇ ಬರೆಯುತ್ತೇನೆ, ಗದ್ದೆ ಕೆಲಸಕ್ಕೆ ನಮ್ಮ ಕಡೆ ಇರುವ ಶಬ್ದವೇ ಅದು. ಆಳುಗಳು ಹುಟ್ಟುವ ಮುಖ್ಯ ಕಟ್ಟಡ ಟೌನ್ ಸೆಂಟರಿಗೆ ಟಿಸಿ.

ಫ್ರಾಂಕರೇ ಯಾಕೆ?

2022ರ ಏಪ್ರಿಲಿನಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ಹೆಚ್ಚುವರಿ ಭಾಗ ಬಂದಾಗ ನಾನೂ ಎಲ್ಲರ ಹಾಗೆ ಆಡಲು ದ್ರಾವಿಡ ಜನಾಂಗವನ್ನೇ ಮೊದಲು ಒತ್ತಿದೆ. ಲಾಯ ಕಟ್ಟಿ ನೋಡಿದರೆ ನೈಟ್ ಸಾಲೇ (ನೈಟ್, ಆಮೇಲೆ ಕ್ಯಾವಲಿಯರ್, ಕೊನೆಗೆ ಪಾಲಾಡಿನ್ ಆಗುವ ಸವಾರರು) ಇಲ್ಲ! ಆಟ ಮಾಡಿದವರು ಮರೆತದ್ದಲ್ಲ ಅದು. ತೆಂಕಣದ ಅರಸರಿಗೆ ಒಳ್ಳೆಯ ಕುದುರೆ ಯಾವತ್ತೂ ಕಡಲಿನಿಂದ ಬರಬೇಕಿತ್ತು. ವಿಜಯನಗರದವರು ಅರಬ್ಬೀ ಕುದುರೆಗಳನ್ನು ಹಡಗಿನಲ್ಲಿ ತರಿಸಿ ಭಟ್ಕಳದಂಥ ರೇವುಗಳಲ್ಲಿ ಇಳಿಸಿಕೊಂಡು ಘಟ್ಟ ಹತ್ತಿಸುತ್ತಿದ್ದರು. ನಮ್ಮ ಈ ಮಳೆ, ಈ ಸೆಕೆ ಕುದುರೆಗೆ ಹೇಳಿಸಿದ್ದಲ್ಲ. ದ್ರಾವಿಡರಿಗೆ ಉರುಮಿ ಕತ್ತಿ ಉಂಟು, ಹಡಗು ಉಂಟು. ಪಾಲಾಡಿನ್ ಬೇಕಿದ್ದರೆ ಬೇರೆ ಕಡೆ ನೋಡಬೇಕು.

ಪಾಲಾಡಿನ್ ಇರುವ ಜನಾಂಗ ಹಲವು ಉಂಟು. ಕಲಿಯುವವರಿಗೆ ಫ್ರಾಂಕರೇ ಸರಿ ಎನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ, ಮಿಲ್ (ಆಹಾರ ತಂದು ಹಾಕುವ ಕಟ್ಟಡ) ಕಟ್ಟಿದ್ದರೆ ಗದ್ದೆಯ ಮೂರೂ ಅಪ್‌ಗ್ರೇಡ್ ಅವರಿಗೆ ಪುಕ್ಕಟೆ. ಒಂದು ಗದ್ದೆಗೆ ಮೊದಲು 175 ಆಹಾರ, ಹಾರ್ಸ್ ಕಾಲರಿಗೆ 250, ಹೆವಿ ಪ್ಲೌಗೆ 375, ಕ್ರಾಪ್ ರೊಟೇಷನ್ನಿಗೆ 550. ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುವವರಿಗೆ ಆ ಕೊನೆಯ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೇರೆಯವರು ಇದಕ್ಕೆ ಆಹಾರ, ಮರ ಸುರಿಯುವಾಗ ಫ್ರಾಂಕರು ಸುಮ್ಮನೆ ಮುಂದಿನ ಏಜಿಗೆ ಹೋದರೆ ಸಾಕು.

ಇನ್ನೊಂದು ಕಾರಣ, ಕುದುರೆ ಪಡೆಗೆ 20% ಹೆಚ್ಚು ಜೀವ. ಇದರಲ್ಲಿ ಒಂದು ಸಣ್ಣ ಚಮತ್ಕಾರ ಉಂಟು. ಉಳಿದ ಜನಾಂಗದವರು ಬ್ಲಡ್‌ಲೈನ್ಸ್ ಎಂಬ ಅಪ್‌ಗ್ರೇಡಿಗೆ 150 ಆಹಾರ, 100 ಚಿನ್ನ ಕೊಟ್ಟು ಪ್ರತಿ ಕುದುರೆಗೆ 20 ಜೀವ ಸೇರಿಸಿಕೊಳ್ಳುತ್ತಾರೆ. ಫ್ರಾಂಕರಿಗೆ ಅದು ಇಲ್ಲ. ನೈಟ್‌ಗೆ ಮೂಲ ಜೀವ 100, ಅದರ 20% ಅಂದರೆ 20. ಅಲ್ಲಿಗೆ ಇಬ್ಬರೂ 120ರಲ್ಲಿ ಸಮ, ಫ್ರಾಂಕರದ್ದು ಖರ್ಚಿಲ್ಲದ 120. ಪಾಲಾಡಿನ್ ಆದಾಗ ಮೂಲ 160, ಬೇರೆಯವರದ್ದು 180, ಫ್ರಾಂಕರದ್ದು 192. ಕಾಲ ಹೋದ ಹಾಗೆ ಬಡ್ಡಿ ಬೆಳೆಯುತ್ತದೆ.

ಮೊದಲ ಹೆಜ್ಜೆ: ಟಿಸಿ ಸುಮ್ಮನೆ ಕೂರಬಾರದು

ಆಟ ಶುರುವಾಗುವಾಗ ಕೈಯಲ್ಲಿ ಇರುವುದು 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ಮೂರು ಆಳು, ಸುತ್ತಮುತ್ತ ನೋಡಿಕೊಂಡು ಬರುವ ಒಬ್ಬ ಸ್ಕೌಟ್. ಆ 200 ಕಲ್ಲನ್ನು ಮುಟ್ಟಬೇಡಿ, ಅದರ ಕಥೆ ಆಮೇಲೆ ಬರುತ್ತದೆ. ಒಬ್ಬ ಆಳಿಗೆ 50 ಆಹಾರ, 25 ಸೆಕೆಂಡ್. ಕೈಯಲ್ಲಿದ್ದ ಆಹಾರಕ್ಕೆ ನಾಲ್ಕು ಆಳು ಬರುತ್ತಾರೆ. ಎಚ್ ಕೀ ಒತ್ತಿ ಟಿಸಿ ಹಿಡಿದು ಆ ನಾಲ್ಕನ್ನೂ ಮೊದಲೇ ಸಾಲಿನಲ್ಲಿ ಇಡಿ.

ನಾವು ಮಾಡಹೊರಟದ್ದು 27 ಆಳು ಮಾಡಿ ಎರಡನೇ ಯುಗವಾದ ಫ್ಯೂಡಲ್ ಏಜ್ ಒತ್ತುವುದು, ಫ್ಯೂಡಲಿನಲ್ಲಿ ಇನ್ನಿಬ್ಬರನ್ನು ಮಾಡಿ ಮೂರನೆಯದಾದ ಕ್ಯಾಸಲ್ ಏಜ್ ಒತ್ತುವುದು. ಲೆಕ್ಕ ಹಾಕಿ: ಮೂವರು ಮೊದಲೇ ಇದ್ದಾರೆ, 24 ಜನಕ್ಕೆ 600 ಸೆಕೆಂಡ್, ನಡುವೆ ಆಳಿಗೆ ಜೀವ ಹೆಚ್ಚಿಸುವ ಲೂಮ್‌ಗೆ 25. ಟಿಸಿ ಒಂದು ಕ್ಷಣವೂ ಸುಮ್ಮನಿರದಿದ್ದರೆ 10 ನಿಮಿಷ 25 ಸೆಕೆಂಡಿಗೆ ಫ್ಯೂಡಲ್ ಒತ್ತಬಹುದು. ನನ್ನದು ಈಗಲೂ ಹನ್ನೊಂದು ದಾಟುತ್ತದೆ. ನಿಮ್ಮದು ಹದಿಮೂರಾದರೂ ಗಾಬರಿ ಬೇಡ. ಎಲ್ಲಿ ಹೋಯಿತು ಆ ಹೊತ್ತು ಎಂದು ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ಮನೆ ಕಟ್ಟಲು ಮರೆತದ್ದಾಗಿರುತ್ತದೆ. ಒಂದು ಮನೆಗೆ 25 ಮರ, ಐದು ಜನಕ್ಕೆ ಜಾಗ.

ಆಳುಗಳನ್ನು ನಾನು ಹಂಚುವುದು ಹೀಗೆ.

1–6: ಕುರಿ. ಮೊದಲ ಮೂವರಲ್ಲಿ ಇಬ್ಬರು ಒಂದು ಮನೆ, ಮತ್ತೊಬ್ಬ ಇನ್ನೊಂದು ಮನೆ ಕಟ್ಟಿ ಕುರಿಗೆ ಬರಲಿ. ಕುರಿಯನ್ನು ಟಿಸಿ ಅಡಿಯಲ್ಲೇ ಕಡಿಯಿರಿ, ಒಂದು ಮುಗಿದ ಮೇಲೆ ಇನ್ನೊಂದು. ಎರಡು ಒಟ್ಟಿಗೆ ಕಡಿದರೆ ಮಾಂಸ ಕೊಳೆತು ಹೋಗುತ್ತದೆ.

7–10: ಮರ. ಕಾಡಿನ ಅಂಚಿಗೆ ಅಂಟಿಸಿ, ಮರ ತಂದು ಹಾಕುವ ಲಂಬರ್ ಕ್ಯಾಂಪ್.

11–14: ಬೆರ್ರಿ. ಹನ್ನೊಂದನೆಯವನು ದಾರಿಯಲ್ಲಿ ಒಂದು ಮನೆ, ಆಮೇಲೆ ಮಿಲ್ ಕಟ್ಟಲಿ. ಫ್ರಾಂಕರ ಆಳುಗಳು ಬೆರ್ರಿ ಬೇಗ ಕೀಳುತ್ತಾರೆ, ಇದನ್ನು ಬಿಟ್ಟು ಕೊಡಬೇಡಿ.

15–16: ಟಿಸಿ ಅಡಿಯಲ್ಲಿ ಹಂದಿ ಮಾಂಸಕ್ಕೆ.

17–23: ಮರ. ಅಲ್ಲಿಗೆ ಮರಕ್ಕೆ ಒಟ್ಟು 11 ಜನ.

24–27: ಚಿನ್ನ. ಮೈನಿಂಗ್ ಕ್ಯಾಂಪ್ ಚಿನ್ನದ ಗೋಡೆಗೆ ಒತ್ತಿಕೊಂಡೇ ಇರಲಿ.

ಕಾಡುಹಂದಿ ತರುವುದು ಹೊಸಬರಿಗೆ ದೊಡ್ಡ ಹೆದರಿಕೆ, ಆದರೆ ಒಂದು ಹಂದಿಯಲ್ಲಿ 340 ಆಹಾರ ಉಂಟು, ಮೂರೂವರೆ ಕುರಿಯಷ್ಟು. ಹತ್ತನೇ ಆಳು ಹುಟ್ಟುವ ಹೊತ್ತಿಗೆ ಕುರಿ ಕಡಿಯುವವನೊಬ್ಬನನ್ನು ಕಳಿಸಿ ಹಂದಿಗೆ ಬಾಣ ಬಿಡಿಸಿ, ಕೂಡಲೇ ಟಿಸಿ ಕಡೆಗೆ ಓಡಿಸಿ. ಹಂದಿ ಬೆನ್ನು ಹತ್ತುತ್ತದೆ. ಟಿಸಿ ಹತ್ತಿರ ಬಂದಾಗ ಓಡಿ ಬಂದವನನ್ನು ಒಳಗೆ ಹಾಕಿ ಉಳಿದವರೆಲ್ಲ ಹಂದಿಗೆ ಬೀಳಲಿ. ಒಬ್ಬನ ಕೈಯಲ್ಲೇ ಕೊಲ್ಲಿಸುತ್ತೇನೆ ಎಂದು ಹೊರಟರೆ ಆಳೂ ಇಲ್ಲ, ಹಂದಿಯೂ ಇಲ್ಲ. ಕಳೆದ ಜೂನಿನಲ್ಲಿ ನಾನು ಹಂದಿ ಕರೆದುಕೊಂಡು ಅರ್ಧ ದಾರಿ ಬಂದಿದ್ದೆ, ಜೋರು ಮಳೆ, ಕರೆಂಟ್ ಹೋಯಿತು. ಯುಪಿಎಸ್ ಪುಣ್ಯಕ್ಕೆ ಕಂಪ್ಯೂಟರ್ ಉಳಿಯಿತು, ಮಾನಿಟರಿಗೆ ಕನೆಕ್ಷನ್ ಕೊಟ್ಟಿರಲಿಲ್ಲ. ಕತ್ತಲಲ್ಲಿ ಹಂದಿಯ ಗುರ್ರ್ ಶಬ್ದ, ಆಮೇಲೆ ಆಳಿನ ಕೊನೆಯ ಕೂಗು, ಎರಡೂ ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿಸಿತು. ಮಾನಿಟರಿಗೂ ಯುಪಿಎಸ್ ಕೊಡಿ.

ಎರಡನೆಯದು: ಫ್ಯೂಡಲನ್ನು ಹಾದು ಹೋಗುವುದು

ಫ್ಯೂಡಲ್ ಏಜಿಗೆ 500 ಆಹಾರ, 130 ಸೆಕೆಂಡ್. ಆ ಎರಡು ನಿಮಿಷದಲ್ಲಿ ಎರಡು ಕೆಲಸ. ಒಂದು, 175 ಮರದ ಬ್ಯಾರಕ್ಸ್ (ಕಾಲಾಳುಗಳ ಕಟ್ಟಡ). ಅದಿಲ್ಲದೆ ಲಾಯ ಬರುವುದಿಲ್ಲ. ಎರಡು, ಕುರಿ-ಹಂದಿ ಮುಗಿದ ಆಳುಗಳಿಗೆ ಟಿಸಿ ಸುತ್ತ ಗದ್ದೆ, ಒಂದಕ್ಕೆ 60 ಮರ. ಮೊದಲ ಆರೇಳು ಗದ್ದೆ ಇಲ್ಲೇ ಆಗಲಿ.

ಫ್ಯೂಡಲ್ ಆದ ಕೂಡಲೇ ಲಾಯ (175 ಮರ), ಕಮ್ಮಾರಸಾಲೆ (150 ಮರ). ಕ್ಯಾಸಲ್ ಏಜಿಗೆ ಬೇಕಾದ ಎರಡು ಕಟ್ಟಡ ಇವೇ, ಎರಡೂ ಮುಂದೆ ನಮಗೆ ಬೇಕಾದವೇ. ಮಾರ್ಕೆಟ್ ಕಟ್ಟಿ ಮರ ಹಾಳು ಮಾಡಬೇಡಿ. ಇಬ್ಬರು ಆಳು ಹುಟ್ಟುವಷ್ಟರಲ್ಲಿ 800 ಆಹಾರ, 200 ಚಿನ್ನ ಕೂಡಿದ್ದರೆ ಕ್ಯಾಸಲ್ ಒತ್ತಿ. ಅದಕ್ಕೆ 160 ಸೆಕೆಂಡ್. ಕಾಗದದ ಲೆಕ್ಕದಲ್ಲಿ 16 ನಿಮಿಷಕ್ಕೆ ಕ್ಯಾಸಲ್. ಹದಿನೆಂಟಕ್ಕೆ ಬಂದರೂ ಎದುರಿನವರು ನಮ್ಮಂಥವರೇ ಆಗಿದ್ದರೆ ಏನೂ ತೊಂದರೆ ಇಲ್ಲ.

ಎದುರಿನವನು ಫ್ಯೂಡಲಿನಲ್ಲೇ ಬಿಲ್ಲಾಳು ಹಿಡಿದು ಮನೆ ಬಾಗಿಲಿಗೆ ಬಂದರೆ? ಮರ ಕಡಿಯುವ ಜಾಗಕ್ಕೆ, ಚಿನ್ನಕ್ಕೆ ಬೇಲಿ ಹಾಕಿ. ಆ ಬೇಲಿ ಅಗ್ಗದ್ದು. ಅಷ್ಟೂ ತಡೆಯುವುದಿಲ್ಲವಾದರೆ ಕ್ಯಾಸಲನ್ನು ಮುಂದೂಡಿ ಬಿಲ್ಲಾಳುಗಳಿಗೆ ಮದ್ದಾದ ಒಂದಿಷ್ಟು ಸ್ಕಿರ್ಮಿಷರ್ ಮಾಡಿ. ಹಠ ಹಿಡಿದು ಗದ್ದೆಯ ಆಳುಗಳನ್ನು ಸಾಯಿಸಿಕೊಂಡರೆ ಮುಂದಿನದು ಏನೂ ಇಲ್ಲ.

ಮೂರನೆಯದು: ಗದ್ದೆ ಲೆಕ್ಕ

ಇದೇ ಈ ಬರಹದ ಹೊಟ್ಟೆ. ನಿಧಾನ ಓದಿ, ಬೇಕಾದರೆ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿ. ನಾನು ಅಂಟಿಸಿಕೊಂಡಿದ್ದೇನೆ.

ನೈಟ್ ಒಬ್ಬನಿಗೆ 60 ಆಹಾರ, 75 ಚಿನ್ನ, 30 ಸೆಕೆಂಡ್. ಅಂದರೆ ಒಂದು ಲಾಯ ಬಿಡುವಿಲ್ಲದೆ ಓಡಿದರೆ ನಿಮಿಷಕ್ಕೆ 120 ಆಹಾರ, 150 ಚಿನ್ನ ತಿನ್ನುತ್ತದೆ. ಗದ್ದೆಯ ಆಳು ಒಬ್ಬ ನಿಮಿಷಕ್ಕೆ ಸುಮಾರು 20 ಆಹಾರ ತರುತ್ತಾನೆ, ಚಿನ್ನ ಅಗೆಯುವವನು 22–23. ಹಾಗಾದರೆ ಒಂದು ಲಾಯಕ್ಕೆ ಆರು ಗದ್ದೆ, ಏಳು ಚಿನ್ನದ ಆಳು.

ಟಿಸಿಯೂ ತಿನ್ನುತ್ತದೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ. 25 ಸೆಕೆಂಡಿಗೆ 50 ಆಹಾರ, ನಿಮಿಷಕ್ಕೆ 120. ಅಂದರೆ ಒಂದು ಟಿಸಿಗೂ ಆರು ಗದ್ದೆ.

ಈಗ ಆ ಮುಟ್ಟದೆ ಇಟ್ಟ 200 ಕಲ್ಲು ತೆಗೆಯಿರಿ. ಹೊಸ ಟಿಸಿಗೆ 275 ಮರ, 100 ಕಲ್ಲು. ಕ್ಯಾಸಲ್ ಏಜಿನಲ್ಲಿ ಸರಿಯಾಗಿ ಎರಡು ಟಿಸಿ ಬರುತ್ತವೆ, ಒಂದು ಕಲ್ಲೂ ಅಗೆಯದೆ. ಒಂದನ್ನು ಮರ ಕಡಿಯುವಲ್ಲಿ, ಇನ್ನೊಂದನ್ನು ಚಿನ್ನದ ಹತ್ತಿರ ಇಡಿ. ಮೂರು ಟಿಸಿಗೆ 18 ಗದ್ದೆ, ಒಂದು ಲಾಯಕ್ಕೆ 6; ಒಟ್ಟು 24. ಬರೀ ಗದ್ದೆ ಹಾಕುವುದಕ್ಕೇ 1440 ಮರ. ಆದ್ದರಿಂದ ಕ್ಯಾಸಲ್ ಏಜಿನ ಮೊದಲ ಐದು ನಿಮಿಷ ಹುಟ್ಟುವ ಆಳುಗಳಲ್ಲಿ ಹೆಚ್ಚಿನವರು ಮರಕ್ಕೆ, ಮರದಿಂದ ಗದ್ದೆಗೆ. ಇದೊಂದು ಹುಚ್ಚು ನೇಜಿ ನೆಟ್ಟ ಹಾಗೆ. ಸೊಂಟ ಎತ್ತಲು ಪುರುಸೊತ್ತಿಲ್ಲ.

ಕಂಡ ಕಂಡಲ್ಲಿ ಗದ್ದೆ ಹಾಕಬೇಡಿ. ಟಿಸಿ ಸುತ್ತ ಎಂಟು, ಮಿಲ್ ಸುತ್ತ ನಾಲ್ಕೈದು. ದೂರದ ಗದ್ದೆಯ ಆಳು ಬುಟ್ಟಿ ಹೊತ್ತು ನಡೆಯುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತಾನೆ. 175 ಆಹಾರ, 50 ಮರಕ್ಕೆ ವೀಲ್‌ಬ್ಯಾರೋ ಮಾಡಿಸಿ. ನಡಿಗೆ ಚುರುಕಾಗುತ್ತದೆ, ಹೊರೆಯೂ ಹೆಚ್ಚು ಹಿಡಿಯುತ್ತದೆ. ಮಿಲ್ಲಿನಲ್ಲಿ ಗದ್ದೆ ತಾನಾಗಿ ಮರುನಾಟಿ ಆಗುವ ಬಟನ್ ಉಂಟು, ಅದನ್ನು ಒತ್ತಿ ಇಟ್ಟುಬಿಡಿ. ಹಳೇ ಆವೃತ್ತಿಯಲ್ಲಿ ಗದ್ದೆ ಮುಗಿದಾಗ ಬರುತ್ತಿದ್ದ ಆ ಸದ್ದು ನನ್ನ ಕನಸಿನಲ್ಲಿ ಬಂದದ್ದೂ ಉಂಟು.

ನಾಲ್ಕನೆಯದು: ಆರು ನೈಟ್‌ಗಳಿಗೆ ಒಂದು ಕೆಲಸ

ಗದ್ದೆ ಏಳುವವರೆಗೆ ಎದುರಿನವನನ್ನು ಸುಮ್ಮನೆ ಬಿಟ್ಟರೆ ಅವನೂ ಏಳುತ್ತಾನೆ. ಅದಕ್ಕೇ ಆ ಒಂದು ಲಾಯ. ನಾಲ್ಕರಿಂದ ಆರು ನೈಟ್, ಅಷ್ಟು ಸಾಕು.

ಹೊರಡುವ ಮೊದಲು ಕಮ್ಮಾರಸಾಲೆಯಲ್ಲಿ ಹೊಡೆತ ಒಂದು ಹೆಚ್ಚಿಸುವ ಫೋರ್ಜಿಂಗ್ ಮಾಡಿಸಿ, 150 ಆಹಾರ. ಹತ್ತಿರದಿಂದ ನೋಡಿದರೆ ಯಾಕೆ ಎಂದು ಗೊತ್ತಾಗುತ್ತದೆ. ಲೂಮ್ ಮಾಡಿಸಿದ ಆಳಿಗೆ 40 ಜೀವ, ಹೊಡೆತದಲ್ಲಿ ಒಂದು ಕಳೆಯುವ ಕವಚ. ನೈಟ್‌ನ ಹೊಡೆತ 10, ತಾಗುವುದು 9. ಐದು ಏಟು ಬೇಕು. ಫೋರ್ಜಿಂಗ್ ಆದರೆ ತಾಗುವುದು 10, ನಾಲ್ಕೇ ಏಟು. ಆ ಒಂದು ಏಟಿನ ಅಂತರದಲ್ಲಿ ಆಳು ಟಿಸಿ ಒಳಗೆ ಓಡಿ ಹೋಗುತ್ತಾನೆ ಅಥವಾ ಹೋಗುವುದಿಲ್ಲ.

ಟಿಸಿ ಅಡಿಗೆ ಹೋಗಬೇಡಿ. ಒಳಗೆ ಆಳು ತುಂಬಿದಷ್ಟೂ ಬಾಣ ಹೆಚ್ಚು. ಹಿಂದಿನಿಂದ ಸುತ್ತಿ ಮರ ಕಡಿಯುವಲ್ಲಿಗೆ ಬನ್ನಿ. ಅವರು ಗಂಟೆ ಬಾರಿಸಿ ಒಳಗೆ ಹೊಕ್ಕರೆ ಕೂಡಲೇ ಚಿನ್ನದ ಕಡೆಗೆ ತಿರುಗಿ, ಅಲ್ಲಿಂದ ಇನ್ನೊಂದು ಕಾಡಿಗೆ. ಒಬ್ಬನನ್ನೂ ಕೊಲ್ಲದಿದ್ದರೂ ಲಾಭವೇ, ಹತ್ತು ಆಳು ಒಂದು ನಿಮಿಷ ಒಳಗೆ ಕೂತರೆ ಅವನಿಗೆ ಸುಮಾರು 200 ಮರ ನಷ್ಟ. ನಾಲ್ಕು ಈಟಿಯವರು ಎದುರು ಬಂದರೆ ಹೊಡೆದಾಡದೆ ಓಡಿ. ಈಗ ಬದುಕಿದ ಪ್ರತಿ ನೈಟ್ ಮುಂದೆ ಪುಕ್ಕಟೆ ಪಾಲಾಡಿನ್, ಅಪ್‌ಗ್ರೇಡ್ ಮುಗಿದ ಕ್ಷಣ ಮೈದಾನದಲ್ಲಿದ್ದವರೆಲ್ಲ ನಿಂತಲ್ಲೇ ಬದಲಾಗುತ್ತಾರೆ.

ಈ ಹೊತ್ತಿನಲ್ಲಿ ಕುದುರೆಗೆ ಕವಚ ಕೊಡುವ ಸ್ಕೇಲ್ ಬಾರ್ಡಿಂಗ್ (150 ಆಹಾರ), ಓಟ ಚುರುಕು ಮಾಡುವ ಹಸ್ಬೆಂಡ್ರಿ (150 ಆಹಾರ), ಆಮೇಲೆ ಚೈನ್ ಬಾರ್ಡಿಂಗ್ (250 ಆಹಾರ, 150 ಚಿನ್ನ). ಎಲ್ಲದಕ್ಕೂ ಮತ್ತೆ ಆಹಾರವೇ, ನೋಡಿದಿರಲ್ಲ.

ಈ ದಾಳಿ ಮಾಡುವಾಗ ಮನೆಯ ಟಿಸಿಗಳು ಸುಮ್ಮನೆ ಕೂತಿರುತ್ತವೆ. ಇದು ನನ್ನ ಹಳೆಯ ರೋಗ. ಪ್ರತಿ ಸಲ ನೈಟ್‌ಗಳನ್ನು ತಿರುಗಿಸಿದ ಮೇಲೆ ಎಚ್ ಒತ್ತಿ ಸಾಲು ತುಂಬಿಸಿ ಬರುವುದನ್ನು ಬೆರಳಿಗೇ ಕಲಿಸಬೇಕು.

ಐದನೆಯದು: ನಡುವಿನ ಕೆಟ್ಟ ಕಾಲ

ಇಂಪೀರಿಯಲ್ ಏಜಿಗೆ 1000 ಆಹಾರ, 800 ಚಿನ್ನ, 190 ಸೆಕೆಂಡ್. ಕ್ಯಾವಲಿಯರ್ ಅಪ್‌ಗ್ರೇಡಿಗೆ 300 ಆಹಾರ, 300 ಚಿನ್ನ, 100 ಸೆಕೆಂಡ್. ಪಾಲಾಡಿನ್ನಿಗೆ 1300 ಆಹಾರ, 750 ಚಿನ್ನ, 170 ಸೆಕೆಂಡ್. ಕೂಡಿಸಿ: ಒಬ್ಬ ಪಾಲಾಡಿನ್ ಕಣ್ಣಿಗೆ ಬೀಳುವ ಮೊದಲು 2600 ಆಹಾರ, 1850 ಚಿನ್ನ, ಏಳು ನಿಮಿಷ 40 ಸೆಕೆಂಡ್. ಆ ಆಹಾರದಲ್ಲಿ 43 ನೈಟ್‌ಗಳನ್ನು ಮಾಡಬಹುದಿತ್ತು. ನನ್ನ ತಮ್ಮ ಹುಲ್ಲಿನ ಪ್ರಶ್ನೆ ಕೇಳುತ್ತಿದ್ದದ್ದು ಸರಿಯಾಗಿ ಇಲ್ಲಿಗೆ.

ಆದ್ದರಿಂದ ಇಂಪೀರಿಯಲ್ ಒತ್ತಲು ನನ್ನ ನಿಯಮ: ಆಳು ನೂರರ ಹತ್ತಿರ, ಗದ್ದೆ 35ರ ಮೇಲೆ, ಒಂದು ಕೋಟೆ ಎದ್ದಿರಬೇಕು. ಎರಡು ಕ್ಯಾಸಲ್ ಏಜ್ ಕಟ್ಟಡಗಳ ಬದಲು ಒಂದು ಕೋಟೆ ಇದ್ದರೂ ಇಂಪೀರಿಯಲಿಗೆ ಸಾಕು. ಬೇರೆಯವರಿಗೆ ಕೋಟೆಗೆ 650 ಕಲ್ಲು, ಫ್ರಾಂಕರಿಗೆ ಅದಕ್ಕಿಂತ ಅಗ್ಗ. ಹಾಗಾಗಿ ನಾಲ್ಕೈದು ಜನರನ್ನು ಕಲ್ಲಿಗೆ ಮೊದಲೇ ಹಾಕಿ. ಕೋಟೆಯನ್ನು ಮನೆಯ ಹಿತ್ತಿಲಲ್ಲಿ ಅಲ್ಲ, ಅವನು ಬರುವ ದಾರಿಗೆ ಅಡ್ಡವಾಗಿ, ನಿಮ್ಮ ಚಿನ್ನ ಕಾಯುವ ಹಾಗೆ ಕಟ್ಟಿ.

ಆ ಏಳೂವರೆ ನಿಮಿಷ ಎದುರಿನವನು ಜೋರಾಗಿ ಬಂದೇ ಬರುತ್ತಾನೆ. ಆಗ ಲಾಯದಲ್ಲಿ ನೈಟ್ ಮಾಡುತ್ತಾ ಹೋದರೆ ಅಪ್‌ಗ್ರೇಡಿಗೆ ದುಡ್ಡು ಕೂಡುವುದಿಲ್ಲ. ಕೋಟೆಯಿಂದ ಥ್ರೋಯಿಂಗ್ ಆಕ್ಸ್‌ಮನ್ ಮಾಡಿ, ಒಬ್ಬನಿಗೆ 55 ಆಹಾರ, 25 ಚಿನ್ನ. ದೂರದಿಂದ ಕೊಡಲಿ ಎಸೆಯುವ ಇವರು ಈಟಿಯವರಿಗೆ ಒಳ್ಳೆಯ ಮದ್ದು. ಕೋಟೆಯ ನೆರಳಲ್ಲಿ ಹತ್ತು ಜನ ನಿಂತರೆ ಹೊತ್ತು ಹೋಗುತ್ತದೆ.

ಇಂಪೀರಿಯಲ್ ಆದ ಕ್ಷಣದ ಕ್ರಮ: ಮೊದಲು ಕ್ಯಾವಲಿಯರ್, ಅದರ ಬೆನ್ನಿಗೆ ಪಾಲಾಡಿನ್. ಒಂದು ಲಾಯ ಅದಕ್ಕೇ ಮೀಸಲು, ಅದರ ದುಡ್ಡು ಕೊಟ್ಟಾದ ಮೇಲೆ ಉಳಿದ ಲಾಯಗಳಲ್ಲಿ ನೈಟ್. ಇನ್ನೊಂದು ಕಡೆ ಕಮ್ಮಾರಸಾಲೆಯಲ್ಲಿ ಪ್ಲೇಟ್ ಬಾರ್ಡಿಂಗ್ (350 ಆಹಾರ, 200 ಚಿನ್ನ), ಹೊಡೆತಕ್ಕೆ ಬ್ಲಾಸ್ಟ್ ಫರ್ನೇಸ್ (275 ಆಹಾರ, 225 ಚಿನ್ನ). ಕೋಟೆಯಲ್ಲಿ ಶಿವಲ್ರಿ, ಇದು ಫ್ರಾಂಕರದ್ದೇ ವಿದ್ಯೆ, ಲಾಯಗಳು 40% ಬೇಗ ಕೆಲಸ ಮಾಡುತ್ತವೆ.

ಶಿವಲ್ರಿ ಬಂದರೆ ಲೆಕ್ಕ ಬದಲಾಗುತ್ತದೆ. ಒಂದು ಲಾಯ ಈಗ ನಿಮಿಷಕ್ಕೆ 168 ಆಹಾರ, 210 ಚಿನ್ನ ತಿನ್ನುತ್ತದೆ. ನಾಲ್ಕು ಲಾಯಕ್ಕೆ 672 ಆಹಾರ, 840 ಚಿನ್ನ. ಅಪ್‌ಗ್ರೇಡ್ ಎಲ್ಲ ಆದ ಮೇಲೂ ಗದ್ದೆಗೆ 28–30, ಚಿನ್ನಕ್ಕೆ ಅಷ್ಟೇ ಜನ ಬೇಕು. ಅಷ್ಟಿಲ್ಲದಿದ್ದರೆ ನಾಲ್ಕನೇ ಲಾಯ ಕಟ್ಟಿದ್ದು ಬರೀ ಚಂದಕ್ಕೆ.

ಆರನೆಯದು: ಕೊನೆಗೂ ಯುದ್ಧ

ಎಲ್ಲ ಮಾಡಿಸಿದ ಫ್ರಾಂಕ್ ಪಾಲಾಡಿನ್ನಿಗೆ 192 ಜೀವ, 18 ಹೊಡೆತ, ಹತ್ತಿರದ ಏಟಿಗೆ 5 ಕವಚ, ಬಾಣಕ್ಕೆ 7. ಬಾಣಕ್ಕೆ 7 ಅಂದರೆ ಏನು? ಪೂರ್ತಿ ಅಪ್‌ಗ್ರೇಡ್ ಆದ ಆರ್ಬಲೆಸ್ಟರ್ (ಬಿಲ್ಲಾಳುಗಳಲ್ಲಿ ಮೇಲಿನ ದರ್ಜೆಯವನು) ಒಬ್ಬನ ಬಾಣ 10. ಏಳು ಕಳೆದರೆ ಮೂರು. ಒಬ್ಬ ಪಾಲಾಡಿನ್ ಬೀಳಲು 64 ಬಾಣ. ಅದಕ್ಕೇ ಬಿಲ್ಲಾಳುಗಳ ಗುಂಪು ಕಂಡರೆ ಯೋಚಿಸಬೇಡಿ, ನುಗ್ಗಿ.

ಹಾಲ್ಬರ್ಡಿಯರ್, ಅಂದರೆ ಈಟಿಯವರಲ್ಲಿ ಮೇಲಿನ ದರ್ಜೆಯವನು, ಕಂಡರೆ ಯೋಚಿಸಿ. ಅವನಿಗೆ ಕುದುರೆ ಮೇಲೆ 32 ಹೆಚ್ಚುವರಿ ಹೊಡೆತ. ನಮ್ಮ ಕವಚ ಕಳೆದು ಒಂದು ಏಟಿಗೆ 37. ಆರು ಏಟಿಗೆ ಪಾಲಾಡಿನ್ ಹೋಯಿತು. ನಮಗೆ ಅವನನ್ನು ಬೀಳಿಸಲು ನಾಲ್ಕು ಏಟು. ನಾವು ಹೊಡೆಯುವುದು ಹೆಚ್ಚುಕಡಿಮೆ ಎರಡು ಸೆಕೆಂಡಿಗೊಮ್ಮೆ, ಅವನು ಮೂರಕ್ಕೊಮ್ಮೆ. ಒಬ್ಬನಿಗೊಬ್ಬ ನಿಂತರೆ ಪಾಲಾಡಿನ್ನೇ ಗೆಲ್ಲುತ್ತಾನೆ, ಸುಮಾರು ಅರ್ಧ ಜೀವ ಉಳಿಸಿಕೊಂಡು. ಇಬ್ಬರು ಸುತ್ತಿದರೆ ಮುಗಿಯಿತು. ಆ ಇಬ್ಬರಿಗೆ ಅವನ ಖರ್ಚು 70 ಆಹಾರ, 50 ಮರ, ಚಿನ್ನ ಒಂದು ತುಂಡೂ ಇಲ್ಲ. ನಮ್ಮದು 75 ಚಿನ್ನ ಹೋಯಿತು. ಈ ವ್ಯಾಪಾರ ಎರಡು ಸಲ ಮಾಡಿದರೆ ಅಂಗಡಿ ಮುಚ್ಚಬೇಕು.

ಹಾಗಾಗಿ ಪಾಲಾಡಿನ್ ಒಬ್ಬನೇ ಹೋಗುವುದಿಲ್ಲ. ಆಕ್ಸ್‌ಮನ್‌ಗಳು ಅಥವಾ ಕೋವಿ ಹಿಡಿದ ಹ್ಯಾಂಡ್ ಕ್ಯಾನನಿಯರ್‌ಗಳು ಒಂದು ಗುಂಪು, ಕಂಟ್ರೋಲ್ ಒತ್ತಿ 1. ಪಾಲಾಡಿನ್ ಇನ್ನೊಂದು ಗುಂಪು, 2. ಒಂದನೇ ಗುಂಪು ಎದುರಿನಿಂದ ಹಾಲ್ಬ್‌ಗಳನ್ನು ಹಿಡಿದು ನಿಲ್ಲಿಸಲಿ. ಎರಡನೆಯದು ಬದಿಯಿಂದ ಸುತ್ತಿ ಹಿಂದೆ ನಿಂತ ಬಿಲ್ಲಾಳು, ಕಲ್ಲೆಸೆಯುವ ಯಂತ್ರಗಳಾದ ಮ್ಯಾಂಗೊನೆಲ್, ಟ್ರೆಬುಶೆ ಮೇಲೆ ಬೀಳಲಿ. ಎರಡನ್ನೂ ಒಟ್ಟಿಗೆ ಹಿಡಿದು ಒಂದೇ ಕ್ಲಿಕ್ಕಿನಲ್ಲಿ ಕಳಿಸಿದರೆ ಕುದುರೆ ಮೊದಲು ಮುಟ್ಟುತ್ತದೆ, ಕೊಡಲಿಯವರು ಬರುವಾಗ ತಿಥಿ ಊಟ ಆಗಿರುತ್ತದೆ.

ಮಾಂಕ್‌ಗಳು ಇನ್ನೊಂದು ಪೀಡೆ. ಈ ಸನ್ಯಾಸಿಗಳು ಮಂತ್ರ ಹೇಳಿದರೆ ನಮ್ಮ ಪಾಲಾಡಿನ್ನೇ ಅವರ ಕಡೆ ಹೋಗುತ್ತಾನೆ. ಐದಾರು ಹಗುರ ಕುದುರೆ ಸವಾರರನ್ನು (ಲೈಟ್ ಕ್ಯಾವಲ್ರಿ) ಮುಂದೆ ಬಿಟ್ಟು ಮಾಂಕ್‌ಗಳನ್ನು ಹಿಡಿಸಿ, ಕಾವಿ ಮುಗಿದ ಮೇಲೆ ದೊಡ್ಡವರು ಹೋಗಲಿ. ಒಂಟೆ ಪಡೆ ಇದ್ದರೆ ಹಾಲ್ಬ್‌ಗಳು ನಿಮ್ಮಲ್ಲೂ ಇರಬೇಕು. ಹಿಂದೂಸ್ತಾನಿಗಳ ಎದುರು ಕುದುರೆ ಹಿಡಿದು ಕೂತರೆ ನಿಮ್ಮ ಹಣೆಬರಹ.

ಜಾಗದ ಮಾತು ಬಾಕಿ ಉಂಟು. ಪಾಲಾಡಿನ್ ಎಂಬ ಹೆಸರು ಬಂದದ್ದೇ ಫ್ರಾಂಕರ ದೊರೆ ಶಾರ್ಲಮೇನನ ಆಸ್ಥಾನದ ವೀರರ ದಂತಕಥೆಗಳಿಂದ. ಅವರಲ್ಲಿ ಹೆಸರುವಾಸಿ ರೋಲಾಂಡ್ ಸತ್ತದ್ದು 778ರಲ್ಲಿ, ಪಿರಿನೀಸ್ ಬೆಟ್ಟದ ರಾನ್ಸ್‌ವೋ ಕಣಿವೆಯಲ್ಲಿ. ಸ್ಪೇನಿನಿಂದ ಮರಳುತ್ತಿದ್ದ ದಂಡಿನ ಹಿಂಭಾಗವನ್ನು ಬಾಸ್ಕ್ ಜನ ಇಕ್ಕಟ್ಟಿನಲ್ಲಿ ಹಿಡಿದು ಹೊಡೆದರು. ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಮಗುಚಿ ಬಿದ್ದಾಗ ಹಿಂದೆ ಸಿಕ್ಕಿಕೊಂಡವರಿಗೆ ಆ ದಂಡಿನ ಕಷ್ಟ ಗೊತ್ತು. ಮುಂದೆ ಹೋಗುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ. ಬ್ಲ್ಯಾಕ್ ಫಾರೆಸ್ಟ್ ಮ್ಯಾಪಿನಲ್ಲಿ ಕಾಡಿನ ನಡುವಿನ ಓಣಿಗೆ 30 ಪಾಲಾಡಿನ್ ನುಗ್ಗಿಸಿದರೆ ಆಗುವುದೂ ಅದೇ. ಮುಂದಿನ ನಾಲ್ವರು ಮಾತ್ರ ಹೊಡೆಯುತ್ತಾರೆ, ಹಿಂದಿನ 26 ಮಂದಿ ಮೆರವಣಿಗೆ. ಅಂಥಲ್ಲಿ ಬಾಂಬಾರ್ಡ್ ಕ್ಯಾನನ್, ಟ್ರೆಬುಶೆ ಮೊದಲು ದಾರಿ ಬಿಡಿಸಲಿ. ಅರೇಬಿಯಾದಂಥ ಬಯಲು ಮ್ಯಾಪ್ ಇದ್ದರೆ ಮಾತ್ರ ಕುದುರೆಗೆ ಕುದುರೆಯ ಬೆಲೆ.

ಕಟ್ಟಡ ಕೆಡವಲು ಪಾಲಾಡಿನ್ ಉಪಯೋಗಿಸಬೇಡಿ. ಕತ್ತಿಯಲ್ಲಿ ಕೋಟೆ ಕಡಿಯುವುದು ಚಮಚದಲ್ಲಿ ಬಾವಿ ತೋಡಿದ ಹಾಗೆ. ಮೂರು ರ‍್ಯಾಮ್ (ಕಟ್ಟಡ ಗುದ್ದುವ ಗಾಡಿ) ಕೊಂಡುಹೋಗಿ, ಪಾಲಾಡಿನ್ ಅವುಗಳ ಕಾವಲಿಗೆ.

ಕಲಿಯಲು

ಡೆಫಿನಿಟಿವ್ ಎಡಿಷನ್ನಿನೊಳಗೆ ಆರ್ಟ್ ಆಫ್ ವಾರ್ ಎಂಬ ಪಾಠಗಳಿವೆ; ಬೇಗ ಕ್ಯಾಸಲ್ ತಲಪುವ ಪಾಠವನ್ನು ಪದಕ ಸಿಗುವವರೆಗೆ ಆಡಿ. ಜೋನ್ ಆಫ್ ಆರ್ಕ್ ಅಭಿಯಾನದಲ್ಲಿ ನೀವು ಫ್ರಾಂಕರೇ, ಕುದುರೆ ತಿರುಗಿಸುವುದು ಅಲ್ಲಿ ಅಭ್ಯಾಸ ಆಗುತ್ತದೆ. ಆಮೇಲೆ ಕಂಪ್ಯೂಟರ್ ಎದುರು ಹತ್ತು ಆಟ, ಪ್ರತಿ ಆಟದಲ್ಲಿ ಒಂದೇ ಒಂದು ಸಂಗತಿ ಬರೆದಿಡಿ: ಎಷ್ಟು ನಿಮಿಷಕ್ಕೆ 24 ಗದ್ದೆ ಆಯಿತು.

ಚಿನ್ನ ಮುಗಿದ ಮೇಲೆ

ಒಂದು ಗಂಟೆ ದಾಟಿದ ಆಟದಲ್ಲಿ ಚಿನ್ನದ ಗಣಿ ಖಾಲಿ. ಮ್ಯಾಪಿನಲ್ಲಿ ಸಿಗುವ ಪವಿತ್ರ ವಸ್ತು ರೆಲಿಕ್ ಹಿಡಿದಿದ್ದರೆ ಒಂದಕ್ಕೆ ನಿಮಿಷಕ್ಕೆ 30 ಚಿನ್ನ ಬರುತ್ತದೆ. ಐದು ರೆಲಿಕ್ಕಿಗೆ ನಿಮಿಷಕ್ಕೆ ಎರಡು ಪಾಲಾಡಿನ್ನಿನ ಚಿನ್ನ. ಜೊತೆಯಾಟಗಾರ ಇದ್ದರೆ ಟ್ರೇಡ್ ಕಾರ್ಟ್ ಓಡಿಸಿ. ಒಬ್ಬರೇ ಆದರೆ ಮಾರ್ಕೆಟ್ಟಿನಲ್ಲಿ ಮರ ಮಾರಬಹುದು, ಮಾರಿದಷ್ಟೂ ದರ ಇಳಿಯುತ್ತದೆ. ಅಡಿಕೆ ಎಲ್ಲರೂ ಒಟ್ಟಿಗೆ ಮಂಡಿಗೆ ಇಳಿಸಿದ ಹಾಗೆ.

ಅದೂ ಮುಗಿದರೆ ಲೈಟ್ ಕ್ಯಾವಲ್ರಿ. 80 ಆಹಾರ, ಚಿನ್ನ ಬೇಡವೇ ಬೇಡ. ಫ್ರಾಂಕರ 20% ಅದಕ್ಕೂ ಉಂಟು, 60ರ ಜಾಗದಲ್ಲಿ 72 ಜೀವ. ಹೋದ ವಾರದ ಆಟದಲ್ಲಿ ನನ್ನ ಕೊನೆಯ ಪಾಲಾಡಿನ್ ಬಿದ್ದದ್ದು 71ನೇ ನಿಮಿಷಕ್ಕೆ. ತಮ್ಮನಲ್ಲೂ ಚಿನ್ನ ಇರಲಿಲ್ಲ, ಅವನ ಗದ್ದೆ 15, ನನ್ನದು 41. ನಾಲ್ಕು ಲಾಯದಿಂದ ಲೈಟ್ ಕ್ಯಾವಲ್ರಿ ಹೊರಡುತ್ತಾ ಇತ್ತು. ಅವನು ಆ ದಿನ ಹುಲ್ಲಿನ ವಿಷಯ ಎತ್ತಲಿಲ್ಲ. "ಅಣ್ಣಾ, ಊಟಕ್ಕೆ ಕರೀತಿದ್ರ್" ಎಂದು ಹೇಳಿ ಹೆಡ್‌ಸೆಟ್ ತೆಗೆದಿಟ್ಟ.